ಮನೆಗೆ ಬಂದ ಕಣ್ಣುಗಳು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಮನೆಯ ಮಟ್ಟಿಗೆ ಅಕ್ಷರಶಃ ನಿಜವಾಯಿತು. ನಾವೆಲ್ಲ ಕುಣಿಗಲಿಗೆ ಮದುವೆಗೆ ಹೋಗಿದ್ದ ರಾತ್ರಿ ಕಳ್ಳರು ಗುಬ್ಬಿಯ ಮನೆಯ ಹಿತ್ತಿಲ ಬಾಗಿಲು ಮುರಿದು, ಅವ್ವನ ಎರಡೆಳೆ ಸರವನ್ನೂ ಅಡಕೆ ಮಾರಿದ ಹಣವನ್ನೂ ಒಯ್ದರು. ನನ್ನ ಪರೀಕ್ಷೆಯ ಶುಲ್ಕ ಆ ಹಣದಲ್ಲೇ ಇತ್ತು.

“ನೀನು ಓದಿದೋನು, ಎಂಥ ಕ್ಯಾಮರಾ ಬೇಕೋ ನೋಡ್ಕೊಂಡು ಬಾ” ಎಂದರು ಅಪ್ಪ. ನಮ್ಮ ವಂಶದಲ್ಲಿ ಬಿ.ಎ. ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೆ ಇತಿಹಾಸವಾಗಲಿ ಐಚ್ಛಿಕ ಕನ್ನಡವಾಗಲಿ ಈ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ತುಮಕೂರಿನ ಅಂಗಡಿಗಳನ್ನು ಅಲೆದೆ. ತಿಳಿದದ್ದಿಷ್ಟು: ಕತ್ತಲೆಯಲ್ಲಿ ಕಾಣಲು ಇನ್‌ಫ್ರಾರೆಡ್ ದೀಪವಿರಬೇಕು, ಕರೆಂಟು ಹೋದಾಗ ಯುಪಿಎಸ್ ಇಲ್ಲದಿದ್ದರೆ ಕ್ಯಾಮರಾ ಕುರುಡು, ದಾಖಲೆಯ ಪೆಟ್ಟಿಗೆ ಎದುರಿಗೇ ಇದ್ದರೆ ಕಳ್ಳ ಅದನ್ನೂ ಹೊತ್ತೊಯ್ಯುವನು, ಡಿಸ್ಕು ತುಂಬಿದರೆ ಹಳೆಯ ಚಿತ್ರ ಅಳಿದು ಹೊಸತು ಕೂರುತ್ತದೆ. ಜನ ಸೇರುವ ಸ್ಥಳಗಳಿಗೆ 2017ರ ರಾಜ್ಯ ಕಾನೂನು ಕ್ಯಾಮರಾವನ್ನು ಕಡ್ಡಾಯಮಾಡಿದೆ. ಮನೆಗಾದರೋ ಅದು ಮನೆಯವರ ಇಚ್ಛೆ.

ಅಳವಡಿಸಲು ಬಂದವನು ಮುಂಬಾಗಿಲ ಕ್ಯಾಮರಾವನ್ನು ಬೀದಿಯತ್ತ ನೆಟ್ಟನು. ಎದುರುಮನೆಯ ಅಜ್ಜಿಯ ಜಗಲಿ ಪೂರ್ತಿ ಅದರಲ್ಲಿ ಕಂಡಿತು. “ನಾನು ಎಲೆಅಡಿಕೆ ಹಾಕ್ಕೊಳ್ಳೋದೂ ಅದ್ರೊಳಗೆ ಕಾಣ್ತದೇನಪ್ಪ?” ಎಂದು ಕೇಳಿದ ಅಜ್ಜಿ ಮರುದಿನ ಜಗಲಿಗೆ ಬರಲಿಲ್ಲ. ಕಳ್ಳತನವಾದ ಬೆಳಗ್ಗೆ, ಮುರಿದ ಬಾಗಿಲನ್ನು ಮೊದಲು ಕಂಡು ಕೇರಿಯನ್ನೆಲ್ಲ ಕೂಗಿ ಕರೆದವರು ಅವರೇ.

ಅಪ್ಪ ಏಣಿ ಹಿಡಿದರು. ನಾನು ಹತ್ತಿ ಕ್ಯಾಮರಾವನ್ನು ನಮ್ಮ ಹೊಸ್ತಿಲಿಗೆ ತಿರುಗಿಸಿದೆ. ಫೋನಿನಲ್ಲಿ ಆ ಚಿತ್ರವನ್ನು ಅಜ್ಜಿಗೆ ತೋರಿಸಿದೆ. ಯಂತ್ರ ನಮ್ಮ ಬಾಗಿಲನ್ನು ಕಾಯಲಿ; ಬೀದಿಯನ್ನು ಕಾಯುವವರು ಜಗಲಿಯ ಮೇಲೆ ನಿಶ್ಚಿಂತೆಯಿಂದ ಕುಳಿತಿರಲಿ.