ಫಿಸಿಕ್ಸ್ ಲೆಕ್ಕ, ಭಾಗ 4: ಕ್ಯಾಲ್ಕುಲೇಟರ್ 1 ಅಂದ್ರೆ ನಂಬ್ಬೇಡಿ

ಫಸ್ಟ್ ಸೆಮ್‌ನವರೇ, ಇವತ್ತಿನ ಭಾಗ ನಿಮಗೇ. ಸೀನಿಯರ್ಸ್ ಸ್ಕ್ರಾಲ್ ಮಾಡಬಹುದು, ಆದ್ರೆ ನಿಮ್ಮಲ್ಲೂ ಕೆಲವರಿಗೆ ಇದು ಬೇಕು 😄

ಲೇಸರ್ ಚಾಪ್ಟರ್‌ನ ಮಾಮೂಲಿ ಲೆಕ್ಕ ತಗೊಳ್ಳಿ. ಹೀಲಿಯಂ-ನಿಯಾನ್ ಲೇಸರ್, ತರಂಗಾಂತರ 632.8 ನ್ಯಾನೋಮೀಟರ್, ತಾಪಮಾನ 300 ಕೆಲ್ವಿನ್. ಮೇಲಿನ ಮಟ್ಟದಲ್ಲಿರೋ ಪರಮಾಣುಗಳಿಗೂ ಕೆಳಗಿನ ಮಟ್ಟದವಕ್ಕೂ ಅನುಪಾತ ಎಷ್ಟು? ಸೂತ್ರ ನಿಮಗೆ ಗೊತ್ತು: ಇ ಘಾತ ಮೈನಸ್ ಎಚ್‌ಸಿ ಬೈ ಲ್ಯಾಂಬ್ಡಾ ಕೆ ಟಿ.

ನನ್ನ ಬೆಂಚ್‌ಮೇಟ್ ಮೂರು ಸಲ ಒತ್ತಿದ. ಮೂರು ಸಲವೂ 1. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ ಹುಡುಗ, ಮೊದಲ ಇಂಟರ್ನಲ್ಸ್‌ನಲ್ಲೇ ಮಾರ್ಕ್ಸ್ ಹೋಗಿತ್ತು. "ಫಿಸಿಕ್ಸ್ ನಮ್ಮಂಥೋರಿಗಲ್ಲ ಬಿಡೋ, ಇದು ಬ್ಯಾಕ್ ಗ್ಯಾರಂಟಿ" ಅಂದುಬಿಟ್ಟ. ಹಾಳೆ ಈಸ್ಕೊಂಡು ನೋಡಿದ್ರೆ ಸೂತ್ರ ಸರಿ, ಯೂನಿಟ್ ಸರಿ, ಬೆಲೆಗಳೂ ಸರಿ!

ಆಗಿದ್ದಿಷ್ಟೇ. ಗುಣಾಕಾರ ಭಾಗಾಕಾರ ಬಂದಾಗ ಕ್ಯಾಲ್ಕುಲೇಟರ್ ಎಡದಿಂದ ಬಲಕ್ಕೆ ಹೋಗುತ್ತೆ. ಲ್ಯಾಂಬ್ಡಾದಿಂದ ಭಾಗಿಸಿತು, ಆಮೇಲೆ ಕೆ, ಟಿ ಎರಡರಿಂದಲೂ ಗುಣಿಸಿಬಿಟ್ಟಿತು. ಅವೆರಡೂ ಛೇದದಲ್ಲಿರಬೇಕು ಅಂತ ಅದಕ್ಕೇನು ಗೊತ್ತು? ಘಾತ ಹೆಚ್ಚುಕಮ್ಮಿ ಸೊನ್ನೆ ಆಯ್ತು, ಇ ಘಾತ ಸೊನ್ನೆ ಅಂದ್ರೆ 1.

ಇಡೀ ಛೇದಕ್ಕೆ ಬ್ರಾಕೆಟ್ ಹಾಕಿಸಿದೆ. ಘಾತ −75.9, ಉತ್ತರ ಸುಮಾರು 1.1 × 10⁻³³. "ಅಷ್ಟೇನಾ?" ಅಂದ. ಸ್ವಲ್ಪ ಸಿಟ್ಟಲ್ಲೇ.

ಈಗ ಆ 1ರ ಅರ್ಥ ಯೋಚಿಸಿ. ಮೇಲೆ ಎಷ್ಟು ಪರಮಾಣು ಇವೆಯೋ ಕೆಳಗೂ ಅಷ್ಟೇ ಅಂತ. ರೂಮ್ ಟೆಂಪರೇಚರ್‌ನಲ್ಲಿ ಹಾಗಿದ್ದಿದ್ರೆ ಲೇಸರ್‌ಗೆ ಅಷ್ಟೊಂದು ಪಂಪಿಂಗ್ ಯಾಕೆ ಬೇಕಿತ್ತು? ಉತ್ತರ ತಪ್ಪು ಅಂತ ಹೇಳೋದು ಫಿಸಿಕ್ಸೇ, ಮಷೀನ್ ಹೇಳಲ್ಲ. ಅದಕ್ಕೇ ಒತ್ತೋ ಮುಂಚೆ ಪೆನ್ಸಿಲ್‌ನಲ್ಲಿ ಅಂದಾಜು ಹಾಕಿ: ಮೇಲೆ ಸುಮಾರು 2 × 10⁻²⁵, ಕೆಳಗೆ 2.6 × 10⁻²⁷. ಭಾಗಿಸಿದ್ರೆ ಎಪ್ಪತ್ತು ಎಂಬತ್ತರ ಹತ್ತಿರ ಬರಲೇಬೇಕು.

10⁻⁹ ಹಾಕೋಕೆ ಗುಣಾಕಾರ, 10, ಘಾತ ಅಂತ ಒಂದೊಂದೇ ಒತ್ತಬೇಡಿ. ಇ-ಎಕ್ಸ್-ಪಿ ಅನ್ನೋ ಬಟನ್ ಇದೆ, ಕೆಲವು ಮಾಡೆಲ್‌ಗಳಲ್ಲಿ ಅದರ ಮೇಲೆ ×10 ಘಾತ ಎಕ್ಸ್ ಅಂತಿರುತ್ತೆ. ಅದನ್ನ ಒತ್ತಿದ್ರೆ 632.8 × 10⁻⁹ ಒಂದೇ ಸಂಖ್ಯೆಯಾಗಿ ಕೂರುತ್ತೆ.

ಹಾಂ, ಎಕ್ಸಾಮ್ ಹಾಲ್‌ನಲ್ಲಿ ಕೂತ ತಕ್ಷಣ ಸೈನ್ 30 ಒತ್ತಿ. 0.5 ಬಂದ್ರೆ ಡಿಗ್ರಿ ಮೋಡ್. −0.988 ಬಂದ್ರೆ ರೇಡಿಯನ್, ಬ್ರ್ಯಾಗ್ ಕೋನದ ಲೆಕ್ಕಕ್ಕೆ ಮುಂಚೆ ಬದಲಾಯಿಸ್ಕೊಳ್ಳಿ.

ಇವತ್ತಿನ ಹೋಮ್‌ವರ್ಕ್: 54 ವೋಲ್ಟ್‌ನಲ್ಲಿ ಓಡೋ ಎಲೆಕ್ಟ್ರಾನ್‌ನ ಡಿ ಬ್ರಾಯ್ ತರಂಗಾಂತರ. 0.167 ನ್ಯಾನೋಮೀಟರ್ ಬರಬೇಕು. ಬರಲಿಲ್ಲ ಅಂದ್ರೆ ವರ್ಗಮೂಲದೊಳಗಿನ ಬ್ರಾಕೆಟ್ ನೋಡಿ, ಆಮೇಲೂ ಬರಲಿಲ್ಲ ಅಂದ್ರೆ ಸ್ಟೆಪ್ಸ್ ಫೋಟೋ ಕಳಿಸಿ, ರಾತ್ರಿ ನೋಡ್ತೀನಿ.