ಚಳಿಗಾಲದ ಜಮಾಖರ್ಚು

ಗೃಹಸ್ಥನಾದವನು ತನ್ನ ಕೈಯಾರೆ ಎರಡು ಗ್ರಂಥಗಳನ್ನು ಬರೆಯಲೇಬೇಕು, ಒಂದು ರಾಮಕೋಟಿ, ಮತ್ತೊಂದು ಮನೆಯ ಜಮಾಖರ್ಚು, ಎಂದು ನಮ್ಮ ತೀರ್ಥರೂಪರು ಹೇಳುತ್ತಿದ್ದರು. ಮೊದಲನೆಯದರಲ್ಲಿ ನಾವು ಬಹಳ ಹಿಂದುಳಿದಿದ್ದೇವೆ. ಎರಡನೆಯದನ್ನು ಮಾತ್ರ ಉಪಾಧ್ಯಾಯ ವೃತ್ತಿಗೆ ಸೇರಿದ ದಿನದಿಂದ ಇಂದಿನವರೆಗೆ ತಪ್ಪಿಸಿದವರಲ್ಲ. ಆದುದರಿಂದ ೨೦೨೪ರಲ್ಲಿ ನಿವೃತ್ತರಾದ ಮೇಲೆ, ಚಳಿಗಾಲದ ಎರಡು ತಿಂಗಳನ್ನು ಊರು ಬಿಟ್ಟು ಕಳೆಯಬೇಕಾಗಿ ಬಂದಾಗ, ಅದರ ಲೆಕ್ಕವನ್ನು ಮುಂದಾಗಿ ಬರೆದಿಡುವುದು ನಮಗೆ ಕಷ್ಟವೆಂದು ತೋರಲಿಲ್ಲ. ಆ ಲೆಕ್ಕವು ಎಲ್ಲಿ ಸರಿಹೋಯಿತು, ಎಲ್ಲಿ ಕಾಲು ಜಾರಿತು ಎಂಬುದನ್ನು ನಮ್ಮಂತಹ ದಂಪತಿಗಳಿಗೆ ಪ್ರಯೋಜನವಾದೀತೆಂದು ಅರಿಕೆ ಮಾಡುತ್ತೇವೆ.

ನಮ್ಮ ವಾಸವು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಣ ಮಲವಗೊಪ್ಪದಲ್ಲಿ. ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ದಿನಗಳಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟುತ್ತಿದ್ದ ರಸ್ತೆಯಲ್ಲಿ ಈಗ ಹಗಲಿರುಳು ಲಾರಿಗಳ ಸಾಲು. ನಮ್ಮ ಮನೆಯವರಿಗೆ ಹತ್ತು ವರ್ಷದಿಂದ ಉಬ್ಬಸವುಂಟು. ಮಾರ್ಗಶಿರ ಕಾಲಿಟ್ಟಿತೆಂದರೆ ಬೆಳಗಿನ ಮಂಜು, ಭತ್ತದ ಒಕ್ಕಣೆಯ ಧೂಳು, ಲಾರಿಗಳ ಹೊಗೆ, ಮೂರೂ ಒಂದಾಗಿ ಆಕೆಯ ಎದೆಯ ಮೇಲೆ ಕೂರುತ್ತವೆ. ರಾತ್ರಿಯೆಲ್ಲ ದಿಂಬಿಗೊರಗಿ ಕುಳಿತೇ ಬೆಳಗು ಮಾಡುವುದನ್ನು ನಾವು ಬಹುಕಾಲ ನೋಡಿದ್ದೇವೆ. ಉದ್ಯೋಗದಲ್ಲಿದ್ದಾಗ ನೋಡುವುದಲ್ಲದೆ ಬೇರೇನೂ ಮಾಡುವಂತಿರಲಿಲ್ಲ. ನಿವೃತ್ತರಾದ ವರ್ಷವೇ ವೈದ್ಯರು, “ಆ ಎರಡು ತಿಂಗಳು ಧೂಳಿಲ್ಲದ, ಬೆಚ್ಚಗಿನ ಕಡೆ ಇರಿಸಿ ನೋಡಿ” ಎಂದರು.

ಈ ಸುದ್ದಿ ಅಮೆರಿಕಾದಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನಿಗೆ ತಿಳಿದು ಅವನು ಒಂದು ಉಪಾಯವನ್ನು ಸೂಚಿಸಿದನು. ಆ ದೇಶದ ಉತ್ತರಭಾಗದ ವೃದ್ಧ ದಂಪತಿಗಳು ಹಿಮ ಬೀಳುವುದಕ್ಕೆ ಮೊದಲೇ ಚಕ್ರದ ಮೇಲಿನ ಮನೆಗಳನ್ನೇರಿ ದಕ್ಷಿಣಕ್ಕೆ ಇಳಿಯುವರಂತೆ. ಅಂಥವರನ್ನು ಅಲ್ಲಿ ಹಿಮದ ಹಕ್ಕಿಗಳೆನ್ನುವರಂತೆ. ಆರಿಜೋನಾ ಪ್ರಾಂತದ ಕ್ವಾರ್ಟ್ಜ್‌ಸೈಟ್ ಎಂಬ ಮರುಭೂಮಿಯ ಊರಿನ ಬಳಿ ಸರ್ಕಾರದ ಬಯಲಿನಲ್ಲಿ ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ತಂಗಲು ಬಹುಕಾಲ ೧೮೦ ಡಾಲರುಗಳ ರಹದಾರಿಯೊಂದೇ ಸಾಕಾಗಿತ್ತು. ನಮ್ಮ ಸರ್ಕಾರವೂ ೨೦೨೦ರ ಪ್ರವಾಸೋದ್ಯಮ ನೀತಿಯಲ್ಲಿ ಇಂತಹ ಕಾರವಾನುಗಳ ಪ್ರಸ್ತಾಪ ಮಾಡಿದೆ. ನೀವೂ ಒಂದನ್ನು ಬಾಡಿಗೆಗೆ ಹಿಡಿಯಬಾರದೇಕೆ ಎಂದು ಅವನ ಪ್ರಶ್ನೆ. ಇದೇನು ಹೊಸತೆ? ನಮ್ಮ ಅಜ್ಜನವರು ಕಮಾನು ಗಾಡಿಯಲ್ಲಿ ಹುಲ್ಲು ಹಾಸಿ, ಜಮಖಾನ ಹೊದಿಸಿ, ಅಕ್ಕಿಬೇಳೆ ಹೇರಿಕೊಂಡು, ಮರದಡಿಯಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತ ಜಾತ್ರೆಗೆ ಹೋಗುತ್ತಿದ್ದರು. ಆದರೆ ಅವರ ಎತ್ತುಗಳಿಗೆ ಹುಲ್ಲು ದಾರಿಯಲ್ಲೇ ಸಿಕ್ಕುತ್ತಿತ್ತು. ಕಾರವಾನಿನ ಬಾಡಿಗೆ ದಿನದ ಲೆಕ್ಕ. ನಮಗೆ ಬೇಕಾದುದು ಅರವತ್ತು ದಿನ. ಸಾಲದುದಕ್ಕೆ ನಾವು ಇಳಿಯಬೇಕಾಗಿದ್ದುದು ಆಗುಂಬೆಯ ಘಾಟಿ. ಅದರ ೧೪ ತಿರುವುಗಳಲ್ಲಿ ದೊಡ್ಡ ಬಸ್ಸಿಗೇ ಎಡೆಯಿಲ್ಲ, ಚಿಕ್ಕ ಬಸ್ಸುಗಳೇ ಓಡಾಡುತ್ತವೆ. ಅಲ್ಲಿ ಮನೆಯನ್ನು ತಿರುಗಿಸುವುದೆಂತು! ಉಡುಪಿಯಲ್ಲಿ ಅಡಿಗೆಮನೆಯಿರುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದೆವು.

ನಾವು ಬರೆದ ಅಂದಾಜು ಹೀಗಿತ್ತು: ಎರಡು ತಿಂಗಳ ಬಾಡಿಗೆ ೧೬,೦೦೦, ದಿನಸಿ, ಹಾಲು, ತರಕಾರಿ ೧೮,೦೦೦, ಔಷಧ ೪,೦೦೦, ಪ್ರಯಾಣ ೩,೦೦೦, ಗ್ಯಾಸು, ವಿದ್ಯುತ್ತು ೨,೦೦೦, ಮಲವಗೊಪ್ಪದ ಮನೆಯನ್ನು ನೋಡಿಕೊಂಡು ಗಿಡಗಳಿಗೆ ನೀರು ಹಾಕುವ ಹುಡುಗನಿಗೆ ೩,೦೦೦, ಆಪದ್ಧನ ೧೦,೦೦೦. ಒಟ್ಟು ೫೬,೦೦೦ ರೂಪಾಯಿ. ಇದಲ್ಲದೆ ಕೋಣೆಯ ಮುಂಗಡ ೧೫,೦೦೦. ಇದು ಹಿಂದಿರುಗಿ ಬರುವ ಹಣ, ವೆಚ್ಚವಲ್ಲ. ಆದರೂ ಎರಡು ತಿಂಗಳು ಅದು ಕೈಯಲ್ಲಿರುವುದಿಲ್ಲ ಎಂಬುದನ್ನು ಮರೆತವನು ಮಧ್ಯದಲ್ಲಿ ಕಂಗಾಲಾಗುತ್ತಾನೆ.

೫೬,೦೦೦ವನ್ನು ಕಂಡು ನಮಗೆ ಎದೆ ನಡುಗಿತು. ಹೋಗುವುದೇ ಬೇಡವೆಂದು ಲೇಖನಿಯನ್ನು ಕೆಳಗಿಟ್ಟೆವು. ನಮ್ಮ ಮನೆಯವರು ಪುಸ್ತಕವನ್ನು ಒಮ್ಮೆ ನೋಡಿ, “ಏನೂಂದ್ರೆ, ಇಲ್ಲೇ ಇದ್ದರೆ ಉಪವಾಸ ಇರುತ್ತೇವೆಯೆ? ನನ್ನ ಔಷಧ ನಿಲ್ಲುತ್ತದೆಯೆ?” ಎಂದು ಕೇಳಿದರು. ಸರಿಯೇ. ಊಟಕ್ಕೆ ಮನೆಯಲ್ಲಿದ್ದರೂ ೧೪,೦೦೦, ಔಷಧಕ್ಕೆ ೪,೦೦೦, ಗ್ಯಾಸಿಗೆ ಒಂದು ಸಾವಿರ ಆಗಿಯೇ ಆಗುತ್ತಿತ್ತು. ಆಪದ್ಧನವು ಆಪತ್ತು ಬಂದರೆ ತಾನೆ ವೆಚ್ಚ? ಇವನ್ನೆಲ್ಲ ಕಳೆದರೆ ಊರು ಬಿಟ್ಟುದಕ್ಕಾಗಿ ಬೀಳುವ ವೆಚ್ಚ ೨೭,೦೦೦ ಮಾತ್ರ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ವ್ಯವಕಲನವನ್ನೂ ಒಮ್ಮೊಮ್ಮೆ ಹೇಳಿಕೊಟ್ಟ ನಮಗೆ ಇದು ಹೊಳೆಯದೆ ಹೋದುದು ನಾಚಿಕೆಯ ಮಾತು.

ಹೊರಡುವ ಮುನ್ನ ನವಂಬರಿನಲ್ಲಿ ನಾವು ಬದುಕಿದ್ದೇವೆಂಬ ಪತ್ರವನ್ನು ಪಿಂಚಣಿಗಾಗಿ ಒಪ್ಪಿಸಿದೆವು. ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದವೆಂದು ಪ್ರಮಾಣಗಳು ನಾಲ್ಕೇ. ಸರ್ಕಾರವು ೨೦೧೪ರಲ್ಲಿ ‘ಜೀವನ ಪ್ರಮಾಣ’ವೆಂಬ ಐದನೆಯದನ್ನು ಸೇರಿಸಿದೆ. ಚಳಿಗಾಲದಲ್ಲಿ ಊರು ಬಿಡುವ ಪಿಂಚಣಿದಾರರು ಇದನ್ನು ಮರೆಯಬಾರದು.

ಡಿಸೆಂಬರ್ ೧ರಂದು ಹೊರಟೆವು. ಪ್ರಯಾಣದ ಬಾಬಿನಲ್ಲಿ ನಾವು ಮನೆಯವರ ಹೆಸರಿಗೆ ಸೊನ್ನೆ ಬರೆದಿದ್ದೆವು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದಂದಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ದುಡ್ಡಿಲ್ಲವಷ್ಟೆ. ನಮಗೂ ಅರವತ್ತು ತುಂಬಿದ್ದುದರಿಂದ ನೂರಕ್ಕೆ ಇಪ್ಪತ್ತೈದು ರಿಯಾಯಿತಿಯಿತ್ತು. ತೀರ್ಥಹಳ್ಳಿಯವರೆಗೆ ಆಕೆ ಕಿಟಕಿಯ ಬಳಿ ಶೂನ್ಯ ಟಿಕೇಟನ್ನು ಹಿಡಿದು ಮಹಾರಾಣಿಯಂತೆ ಕುಳಿತಿದ್ದರು. ಅಲ್ಲಿಂದ ಮುಂದೆ ಸಿಕ್ಕಿದುದು ಖಾಸಗಿಯವರ ಚಿಕ್ಕ ಬಸ್ಸು. ಕರಾವಳಿಯಲ್ಲಂತೂ ಎತ್ತ ನೋಡಿದರೂ ಖಾಸಗಿ ಬಸ್ಸುಗಳೇ, ಅವುಗಳಲ್ಲಿ ಶಕ್ತಿಯಿಲ್ಲ. ಸಾಲದುದಕ್ಕೆ ೨೦೨೫ರ ಜನವರಿ ೫ರಿಂದ ಸರ್ಕಾರದ ಬಸ್ಸಿನ ದರವೂ ನೂರಕ್ಕೆ ಹದಿನೈದರಂತೆ ಏರಿ, ನಾವು ಹಿಂದಿರುಗುವ ದಾರಿಯ ಲೆಕ್ಕವೂ ಕೆಟ್ಟಿತು. ೩,೦೦೦ವಿದ್ದ ಬಾಬು ೪,೭೦೦ಕ್ಕೆ ಮುಟ್ಟಿತು. ಊಟದ ಬಾಬೂ ೨೧,೪೦೦ ಆಯಿತು. ಹೇಮಂತದಲ್ಲಿ ಜಠರಾಗ್ನಿ ಬಲವಾಗುತ್ತದೆಂದು ವಾಗ್ಭಟನು ಹೇಳಿದ್ದಾನೆ. ಅದನ್ನು ಪಾಠ ಹೇಳಬಲ್ಲವರಾದರೂ ನಾವು ಅಂದಾಜಿನಲ್ಲಿ ಸೇರಿಸಿರಲಿಲ್ಲ. ಕೃಷ್ಣಮಠದಲ್ಲಿ ಮಧ್ಯಾಹ್ನದ ಪ್ರಸಾದಕ್ಕೆ ಯಾರೂ ಹಣ ಕೇಳುವುದಿಲ್ಲ. ಅಲ್ಲಿ ಉಂಡ ದಿನಗಳಲ್ಲಾದರೂ ಉಳಿತಾಯವಾದೀತೆಂದುಕೊಂಡಿದ್ದೆವು. ನಮ್ಮ ಮನೆಯವರು ಉಂಡ ದಿನವೆಲ್ಲ ಹುಂಡಿಗೆ ನೂರು ರೂಪಾಯಿ ಹಾಕಿಸಿದರು.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದು ಹೊಕ್ಕ ನಾಲ್ಕನೆಯ ರಾತ್ರಿಯೇ ಕಾದಿತ್ತು. ಮೇಷ್ಟರು ಬರುತ್ತಾರೆಂದು ಮನೆಯ ಯಜಮಾನರು ಪಾಪ, ಗೌರವದಿಂದ ಕೋಣೆಗೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಗೋಡೆಗಳ ಬಿಳುಪನ್ನು ಕಂಡು ನಾವು ಹಿಗ್ಗಿದೆವು. ಆ ವಾಸನೆ ಉಬ್ಬಸದವರಿಗೆ ವಿಷವೆಂಬುದು ನೆನಪಾಗಲಿಲ್ಲ. ನಡುರಾತ್ರಿಯ ವೇಳೆಗೆ ಆಕೆಗೆ ಮಾತು ಹೊರಡದಾಯಿತು. ತುಟಿ ಕಪ್ಪಿಟ್ಟಿತು. ಯಜಮಾನರೇ ತಮ್ಮ ಕಾರಿನಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಗ, ವೈದ್ಯರ ಮಾತನ್ನು ನಂಬಿ ಇವಳನ್ನು ಪರಊರಿಗೆ ತಂದು ಕೊಂದೆವೇ ಎಂಬ ಯೋಚನೆಯೊಂದೇ ನಮ್ಮದು. ಲೆಕ್ಕದ ಪುಸ್ತಕ ಕೈಚೀಲದಲ್ಲಿತ್ತು; ಅದನ್ನು ಮುಟ್ಟಲು ಹೇಸಿಗೆಯಾಯಿತು. ಬೆಳಗಿನ ಜಾವಕ್ಕೆ ಉಸಿರು ಹದಕ್ಕೆ ಬಂದಿತು. ಮೂರು ದಿನದ ವೆಚ್ಚ ೧೩,೯೦೦. ಆಪದ್ಧನ ಮುಗಿದು ೩,೯೦೦ ಕೊರತೆ.

ಪಿಂಚಣಿಯ ಉಳಿಕೆ ಬಾಡಿಗೆಗೆ ಮೀಸಲಾಗಿತ್ತು. ಮಗನಿಗೆ ತಿಳಿಸೋಣವೆಂದರೆ ಆಕೆ ಬೇಡವೆಂದು ಕೈಯಾಡಿಸಿದರು. ಆಮೇಲೆ ಕೋಣೆಯಲ್ಲಿದ್ದ ತಮ್ಮ ಟ್ರಂಕನ್ನು ತೆರೆದು, ಬಟ್ಟೆಗಳ ಅಡಿಯಲ್ಲಿರುವ ಡಬ್ಬಿಯನ್ನು ತರಲು ಹೇಳಿದರು. ಹತ್ತು ಇಪ್ಪತ್ತರ ನೋಟುಗಳೂ ನಾಣ್ಯಗಳೂ ಒಟ್ಟು ೪,೩೧೨ ರೂಪಾಯಿ ಅದರಲ್ಲಿದ್ದವು. ಭದ್ರಾವತಿಯ ತವರಿಗೂ ಶಿವಮೊಗ್ಗದ ಪೇಟೆಗೂ ಶೂನ್ಯ ಟಿಕೇಟಿನಲ್ಲಿ ಹೋಗಿ ಬಂದಾಗಲೆಲ್ಲ, ಕೊಡಬೇಕಾಗಿದ್ದ ದುಡ್ಡನ್ನು ಒಂದೂವರೆ ವರ್ಷ ಈ ಡಬ್ಬಿಗೆ ಹಾಕಿದ್ದರಂತೆ. ನಮ್ಮ ಪುಸ್ತಕದಲ್ಲಿ ಆ ಹಣ ‘ಮನೆಯವರ ಬಸ್ಸು ಚಾರ್ಜು’ ಎಂದು ವೆಚ್ಚವಾಗಿ ಹೋಗಿತ್ತು! ಕೇಳಿದಾಗಲೆಲ್ಲ ಕೊಟ್ಟಿದ್ದೆವು, ಬರೆದುಕೊಂಡಿದ್ದೆವು.

ಬಣ್ಣ ಆರುವವರೆಗೆ ಯಜಮಾನರು ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟರು. ಆಮೇಲಿನ ಏಳು ವಾರಗಳಲ್ಲಿ ನಮ್ಮ ಮನೆಯವರು ಒಂದು ರಾತ್ರಿಯೂ ಎದ್ದು ಕೂರಲಿಲ್ಲ. ಮಲ್ಪೆಯ ಕಡಲ ದಂಡೆಯಲ್ಲಿ ನಮಗಿಂತ ಹತ್ತು ಹೆಜ್ಜೆ ಮುಂದಾಗಿಯೇ ನಡೆದರು.

೨೦೨೫ರ ಚಳಿಗಾಲಕ್ಕೆ ಲೆಕ್ಕ ಹೂಡುವಾಗ, ೨೦೨೬ರ ಜನವರಿ ೧೮ಕ್ಕೆ ಉಡುಪಿಯ ಪರ್ಯಾಯವಿದ್ದುದರಿಂದ ಆ ತಿಂಗಳ ಕೋಣೆಗಳು ನಮ್ಮ ಅಳವಿಗೆ ಮೀರಿದ್ದವು. ಕುಂದಾಪುರದ ಕಡೆ ನೋಡಿದೆವು. ನಮ್ಮ ಮನೆಯವರು ತಾವೇ ಮುಂಚಿತವಾಗಿ ಬಂದು, ಒಂದೊಂದು ಗೋಡೆಯ ಬಳಿಯೂ ನಿಂತು ಮೂಸಿ ನೋಡಿ, “ಬಣ್ಣ ಹೊಡೆಸಬೇಡಿ” ಎಂದು ಮಾತು ಪಡೆದರು. ಆಪದ್ಧನವನ್ನು ೨೫,೦೦೦ಕ್ಕೆ ಏರಿಸಿ, ಪಟ್ಟಿಯ ಕೊನೆಯಲ್ಲಿದ್ದುದನ್ನು ಮೊದಲ ಸಾಲಿಗೆ ತಂದೆವು. ಡಬ್ಬಿಯಿಂದ ತೆಗೆದ ೩,೯೦೦ವನ್ನು ನಾವು ಸಾಲವೆಂದೇ ಬರೆದುಕೊಂಡು ಜೂನಿನೊಳಗಾಗಿ ತೀರಿಸಿದ್ದೆವು. ಬಡ್ಡಿಯೆಲ್ಲಿ ಎಂದು ಕೇಳಿದರು. ನೂರು ರೂಪಾಯಿ ಕೊಟ್ಟೆವು. ಎಣಿಸಿಕೊಂಡು ಡಬ್ಬಿಗೆ ಹಾಕಿದರು.