ಗೋಡೆಯ ಮೇಲೆ, ಕ್ರೇನಿನ ಬಕೆಟ್ಟಿನಲ್ಲಿ

ಕ್ರೇನ್ ಒಮ್ಮೆ ಜಗ್ಗಿ ನಿಮ್ಮನ್ನು ಮೇಲೆತ್ತುತ್ತದೆ. ಕಾಲಡಿಯ ಬಕೆಟ್ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಆಮೇಲೆ ನಿಮ್ಮ ತೂಕಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಕಬ್ಬಿಣದ ಸರಳನ್ನು ಹಿಡಿದ ಕೈ ಚಳಿಗೆ ಮರಗಟ್ಟಿದೆ. ಇನ್ನೊಂದು ಕೈಯಲ್ಲಿ ಮೈಕು. ಮೂಗಿನ ತುಂಬ ಪಟಾಕಿ ಮದ್ದಿನ ಘಾಟು. ಉಸಿರೆಳೆದರೆ ಗಂಟಲು ಕೆರೆಯುತ್ತದೆ, ಎಳೆಯದೆ ಹಾಡುವಂತಿಲ್ಲ.

ಬರ್ಲಿನ್, 1989ರ ಡಿಸೆಂಬರ್ 31ರ ರಾತ್ರಿ. ನಿಮ್ಮ ಹೆಸರು ಡೇವಿಡ್ ಹ್ಯಾಸೆಲ್‌ಹಾಫ್, ವಯಸ್ಸು 37. ಮೈಮೇಲೆ ಪುಟ್ಟ ಪುಟ್ಟ ಬಲ್ಬುಗಳು ಮಿನುಗುವ ಚರ್ಮದ ಜಾಕೆಟ್, ಕೊರಳಲ್ಲಿ ಪಿಯಾನೊ ಮನೆಗಳ ಚಿತ್ರವಿರುವ ಕಪ್ಪು–ಬಿಳಿ ಸ್ಕಾರ್ಫ್. ಎದುರಿಗೆ ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲು. ಕೆಳಗೆ ಗೋಡೆ.

ಕೆಳಗೆ ನೋಡಬಾರದು ಅಂದುಕೊಂಡರೂ ನೋಡುತ್ತೀರಿ. ಈ ಜಾಗದಲ್ಲಿ ಗೋಡೆ ಬೇರೆ ಕಡೆಗಿಂತ ಅಗಲ, ಮೇಲೆ ನಿಂತು ಓಡಾಡುವಷ್ಟು ಅಗಲ. ಅದರ ಮೇಲೆ ಕಾಲಿಡಲೂ ಜಾಗವಿಲ್ಲದಂತೆ ಜನ ಹತ್ತಿಕೊಂಡಿದ್ದಾರೆ. ಒಬ್ಬರ ಹೆಗಲ ಮೇಲೊಬ್ಬರು, ಬಾಟಲಿ ಹಿಡಿದವರು, ಬಾವುಟ ಹಿಡಿದವರು, ಸುಮ್ಮನೆ ಅಳುತ್ತಿರುವವರು. ಆಚೆಗೆ ಪೂರ್ವ, ಈಚೆಗೆ ಪಶ್ಚಿಮ. ಹೆಬ್ಬಾಗಿಲು ತೆರೆದದ್ದು ಮೊನ್ನೆ ಮೊನ್ನೆ, ಡಿಸೆಂಬರ್ 22ಕ್ಕೆ. ಹೊಸ ವರ್ಷದ ಟಿ.ವಿ. ಕಾರ್ಯಕ್ರಮಕ್ಕೆ ಕರೆ ಬಂದಾಗ ಹಾಡುವುದಾದರೆ ಗೋಡೆಯ ಮೇಲೆಯೇ ಹಾಡುತ್ತೇನೆ ಎಂದು ಹಟ ಹಿಡಿದವರು ನೀವೇ. ಈಗ ಬಕೆಟ್ ತೂಗಾಡುವಾಗ ಆ ಹಟ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿದೆ.

ಲಾಸ್ ಏಂಜಲೀಸಿನಲ್ಲಿ ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅಲ್ಲಿ ನೀವು ಮಾತಾಡುವ ಕಾರಿನ ಜೊತೆಗಾರ. ಆ ಧಾರಾವಾಹಿ, 'ನೈಟ್ ರೈಡರ್', 1982ರಿಂದ 86ರವರೆಗೆ ಓಡಿತು, ನಿಂತಿತು; ಆ ಕಪ್ಪು ಕಾರನ್ನು ನೆನಪಿಟ್ಟುಕೊಂಡವರಿಗೆ ಅದರೊಳಗೆ ಕೂತವನ ದನಿ ಬೇಕಾಗಲಿಲ್ಲ. ನಿಮ್ಮ ಹಾಡುಗಳನ್ನು ಅಮೆರಿಕ ಕೇಳಿಸಿಕೊಳ್ಳಲೇ ಇಲ್ಲ. ಈ ಸೆಪ್ಟೆಂಬರಿನಲ್ಲಿ ಹೊಸದೊಂದು ಧಾರಾವಾಹಿ ಶುರುವಾಗಿದೆ, ಕಡಲತೀರದ ಜೀವರಕ್ಷಕರ ಕಥೆ. ಅದಕ್ಕೆ ಅಲ್ಲಿ ನೋಡುಗರು ಸಾಲುತ್ತಿಲ್ಲ. ಇಲ್ಲಿ? ಈ ವರ್ಷದ ವಸಂತದಲ್ಲಿ ನಿಮ್ಮ 'ಲುಕಿಂಗ್ ಫಾರ್ ಫ್ರೀಡಂ' ಪಶ್ಚಿಮ ಜರ್ಮನಿಯ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ 8 ವಾರ ಕೂತಿತ್ತು. ವಸಂತ ಎಂದರೆ ಗೋಡೆ ಇನ್ನೂ ಗೋಡೆಯಾಗಿದ್ದಾಗ. ನವೆಂಬರ್ 9ಕ್ಕೆ ಅದು ತೆರೆದೀತೆಂಬ ಸುಳಿವು ಯಾರಿಗೂ ಇರಲಿಲ್ಲ.

ಸಂಗೀತ ಶುರು. ಬಾಯಿ ತೆರೆಯುತ್ತೀರಿ.

ಸುಂಯ್ ಎಂದು ಏನೋ ಕಿವಿ ಪಕ್ಕದಲ್ಲೇ ಹಾದುಹೋಗುತ್ತದೆ. ರಾಕೆಟ್ಟು! ಇನ್ನೊಂದು. ಕೆಳಗಿನವರು ಆಕಾಶಕ್ಕೆಂದೇ ಬಿಡುತ್ತಿದ್ದಾರೆ, ಆದರೆ ಆಕಾಶಕ್ಕೂ ಅವರಿಗೂ ನಡುವೆ ನೀವಿದ್ದೀರಿ. ಮೈತುಂಬ ವೈರು. ಓಡಲು ಜಾಗವಿಲ್ಲ. ಬಗ್ಗಿದರೆ ಕ್ಯಾಮೆರಾ ನೋಡುತ್ತದೆ, ಬಗ್ಗದಿದ್ದರೆ ಕಿಡಿ ಮುಖಕ್ಕೆ ಬರುತ್ತದೆ. ಢಂ! ಎದೆ ಧಸಕ್ಕೆನ್ನುತ್ತದೆ. ಕೆಳಗೆ ಗೋಡೆಯ ಮೇಲೆ ನಿಂತವರಿಗೂ ಆ ಸದ್ದು ಗೊತ್ತು, ನಿಮಗಿಂತ ಚೆನ್ನಾಗಿ ಗೊತ್ತು. ಇದೇ ವರ್ಷ ಫೆಬ್ರುವರಿಯಲ್ಲಿ ಇದೇ ಊರಿನಲ್ಲಿ ಗಡಿ ದಾಟಲು ಹೋದ ಕ್ರಿಸ್ ಗ್ವೆಫ್ರಾಯ್ ಎಂಬ 20 ವರ್ಷದ ಹುಡುಗನನ್ನು ಕಾವಲುಗಾರರು ಗುಂಡಿಟ್ಟು ಕೊಂದರು. ಹನ್ನೊಂದು ತಿಂಗಳೂ ಆಗಿಲ್ಲ. ಇಂದು ಅದೇ ಊರಿನ ಢಂ ಢಂ ಸದ್ದಿಗೆ ಜನ ಕುಣಿಯುತ್ತಿದ್ದಾರೆ.

ನೀವು ಬಗ್ಗುವುದಿಲ್ಲ. ಸರಳು ಬಿಟ್ಟು ಕೈ ಮೇಲೆತ್ತುತ್ತೀರಿ. ಮಂಡಿ ನಡುಗುತ್ತಿದೆ, ಅದು ಚಳಿಗೋ ಭಯಕ್ಕೋ ಕಾಲಿಗೇ ಗೊತ್ತಿಲ್ಲ.

ಆಗ ಪಲ್ಲವಿ ಬರುತ್ತದೆ, ನಿಮ್ಮ ದನಿ ನಿಮಗೇ ಕೇಳದಂತಾಗುತ್ತದೆ. ಕೆಳಗಿನಿಂದ ಎದ್ದು ಬಂದ ಹಾಡು ಅದನ್ನು ನುಂಗಿಹಾಕಿದೆ. ಗೋಡೆಯ ಎರಡೂ ಕಡೆಯಿಂದ, ಇಂಗ್ಲಿಷ್ ಬರುವವರು, ಬಾರದವರು, ಸ್ವಾತಂತ್ರ್ಯ ಎಂಬ ಆ ಒಂದು ಪದವನ್ನಾದರೂ ಕೂಗಬಲ್ಲವರು. ಅದರ ಅಲೆ ಪಾದದಿಂದ ಹತ್ತಿ ಪಕ್ಕೆಲುಬಿಗೆ ಬಡಿಯುತ್ತದೆ. ಹಾಡಿನ ಕಥೆಯೇನೋ ಸಣ್ಣದು: ಸಿರಿವಂತ ಅಪ್ಪನ ಮನೆ ತೊರೆದು ತನ್ನ ದಾರಿ ಹುಡುಕುವ ಮಗ. ರಾಗ ಇದೇ ನೆಲದ್ದು. 1978ರಲ್ಲಿ ಗಾಯಕ ಟೋನಿ ಮಾರ್ಷಲ್ ಇದನ್ನು ಜರ್ಮನ್ ಭಾಷೆಯಲ್ಲಿ ಹಾಡಿದ್ದ, ಆ ಹಾಡು ಬಯಸಿದ್ದು ದಕ್ಷಿಣದ ದಾರಿಯನ್ನು. ಇವತ್ತು ಯಾರಿಗೂ ಆ ಸಿರಿವಂತ ಅಪ್ಪ ಕಾಣುತ್ತಿಲ್ಲ. 28 ವರ್ಷ ಒಂದು ಗೋಡೆಯನ್ನು ದಿನಾ ನೋಡುತ್ತ ಬಾಳಿದವರಿಗೆ ಕೇಳಿಸುವುದು ಬೇರೆಯೇ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ರೇಡಿಯೊ ಹಾಕಿದವನಿಗೆ ಅದು ಕೇಳಿಸುವಂತೆಯೇ ಇರಲಿಲ್ಲ. ಅದು ಅವನ ತಪ್ಪೂ ಅಲ್ಲ.

ಬಕೆಟ್ ಕೆಳಗಿಳಿಯುತ್ತದೆ. ರಾತ್ರಿ ಇನ್ನೂ ಮುಗಿದಿಲ್ಲ. ಹೆಬ್ಬಾಗಿಲ ಬಳಿ ದೊಡ್ಡ ವಿಡಿಯೊ ಪರದೆಗೆ ಕಟ್ಟಿದ ಅಟ್ಟಣಿಗೆಗೆ ಜನ ಹತ್ತುತ್ತಿದ್ದಾರೆ, ಇನ್ನೂ ಹತ್ತುತ್ತಿದ್ದಾರೆ. ಕಬ್ಬಿಣ ಕಿರುಗುಟ್ಟುತ್ತದೆ. ವಾಲುತ್ತದೆ. ಕುಸಿಯುತ್ತದೆ. ಹಾಡು ಕೂಗಿದ ಗಂಟಲುಗಳೇ ಈಗ ಚೀರುತ್ತಿವೆ. ಹೊಗೆಯಲ್ಲಿ ಆಂಬುಲೆನ್ಸಿನ ನೀಲಿ ದೀಪಗಳು ಜನರ ನಡುವೆ ದಾರಿ ಹುಡುಕುತ್ತವೆ, ಗಾಯಗೊಂಡವರನ್ನು ಒಬ್ಬೊಬ್ಬರನ್ನಾಗಿ ಹೊತ್ತೊಯ್ಯುತ್ತವೆ. ಈ ರಾತ್ರಿಯ ಕಥೆ ಹೇಳುವವರು ಇದನ್ನು ಬಿಟ್ಟು ಜಾಕೆಟ್ಟಿನ ಬಲ್ಬುಗಳನ್ನಷ್ಟೇ ಹೇಳಿದಾಗ ನನಗೆ ಸಂಕಟವಾಗುತ್ತದೆ.

ವಿಮಾನ ಹತ್ತಿ ಮನೆಗೆ ಮರಳುತ್ತೀರಿ. ಅಲ್ಲಿ ಯಾರೂ ಕಾದಿಲ್ಲ. 1990ರಲ್ಲಿ ಎನ್‌ಬಿಸಿ ವಾಹಿನಿ ಆ ಕಡಲತೀರದ ಧಾರಾವಾಹಿಯನ್ನು ಒಂದೇ ಸೀಸನ್ನಿಗೆ ಕೈಬಿಡುತ್ತದೆ. ಮತ್ತೊಂದು ಆಯ್ಕೆ ಎದುರಿಗೆ ಬಂದು ನಿಲ್ಲುತ್ತದೆ: ಸೋತದ್ದನ್ನು ಬಿಡುವುದೋ, ನಿರ್ಮಾಣದ ಹೊಣೆಯನ್ನೂ ಹೆಗಲಿಗೇರಿಸಿಕೊಳ್ಳುವುದೋ? ಹೊರದೇಶಗಳಲ್ಲಿ ಬೇಡಿಕೆಯಿದೆ. ಆ ಬೇಡಿಕೆಯನ್ನು ನಂಬಿ ಸಹಿ ಹಾಕುತ್ತೀರಿ. 1991ರಲ್ಲಿ 'ಬೇವಾಚ್' ಮತ್ತೆ ಶುರುವಾಗುತ್ತದೆ, 140ಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತದೆ. ಕೇಬಲ್ ಬಂದ ಹೊಸದರಲ್ಲಿ ನಮ್ಮ ಬೆಂಗಳೂರು, ಮೈಸೂರಿನ ಮನೆಗಳಿಗೂ ಬಂತು. ಹಿರಿಯರು ಹಜಾರಕ್ಕೆ ಕಾಲಿಟ್ಟೊಡನೆ ಚಾನೆಲ್ ಬದಲಾಗುತ್ತಿತ್ತು. ಅಮೆರಿಕ ಬೇಡವೆಂದ ನಟನನ್ನು ಹೊರಗಿನವರು ಅಮೆರಿಕದ ಪರದೆಗೇ ವಾಪಸು ಕಳಿಸಿದ್ದರು.

ಅಮೆರಿಕ ನಿಮ್ಮನ್ನು ನೋಡಿ ನಗುವುದನ್ನು ಕಲಿತದ್ದೂ ಆ ವರ್ಷಗಳಲ್ಲೇ. 'ಸ್ಯಾಟರ್ಡೇ ನೈಟ್ ಲೈವ್' ಎಂಬ ಟಿ.ವಿ. ಹಾಸ್ಯ ಕಾರ್ಯಕ್ರಮದಲ್ಲಿ ಹಾಸ್ಯಗಾರ ನಾರ್ಮ್ ಮ್ಯಾಕ್‌ಡೊನಾಲ್ಡ್, ಜರ್ಮನರಿಗೆ ನಿಮ್ಮ ಮೇಲಿರುವ ಪ್ರೀತಿಯನ್ನೇ ಮತ್ತೆ ಮತ್ತೆ ಜೋಕು ಮಾಡುತ್ತಾನೆ. ಗೋಡೆ ಕೆಡವಿದ್ದು ತಾನೇ ಎಂದು ನೀವು ಹೇಳಿಕೊಂಡಿರಿ ಎಂಬ ಮಾತೂ ಹಬ್ಬುತ್ತದೆ. ಬರ್ಲಿನಿನ ಹಳೆಯ ಗಡಿದ್ವಾರ ಚೆಕ್‌ಪಾಯಿಂಟ್ ಚಾರ್ಲಿಯ ಮ್ಯೂಸಿಯಂನಲ್ಲಿ ನನ್ನದೊಂದು ಫೋಟೊ ಇಲ್ಲವಲ್ಲ ಎಂದು 2004ರಲ್ಲಿ ಬೇಸರಪಟ್ಟದ್ದಕ್ಕೆ ಇನ್ನಷ್ಟು ನಗು. ಆ ನಗುವನ್ನು ನಾನು ಒಪ್ಪಲಾರೆ. ನೀವು ಹಾಡುವ ವಾರಗಳ ಮೊದಲೇ ಗೋಡೆ ತೆರೆದಿತ್ತು, ಅದು ನಿಮಗೂ ಗೊತ್ತು. ಆದರೆ ಆ ರಾತ್ರಿ ಜನ ಗಂಟಲು ಹರಿಯುವಂತೆ ಹಾಡಿದ್ದು ಜೋಕಿಗಾಗಿ ಅಲ್ಲ. ನಿಮ್ಮ ಮೇಲಿನ ನಗು ಅವರ ಮೇಲೂ ಬೀಳುತ್ತದೆ.

2013ರ ಮಾರ್ಚ್. ಬರ್ಲಿನಿನಲ್ಲಿ ಅಳಿದುಳಿದ ಗೋಡೆಯ ಚಿತ್ರಗಳ ಸಾಲು, ಈಸ್ಟ್ ಸೈಡ್ ಗ್ಯಾಲರಿ. ಕಟ್ಟಡವೊಂದಕ್ಕಾಗಿ ಅದರ ಒಂದು ಭಾಗವನ್ನು ಕೀಳಲು ಹೊರಟಿದ್ದಾರೆ. ಸಾವಿರಾರು ಜನ ಬೀದಿಗಿಳಿದಿದ್ದಾರೆ. ನಿಮಗೀಗ 60 ತುಂಬಿದೆ. ವ್ಯಾನೊಂದರಲ್ಲಿ ಬಂದು ಅವರ ನಡುವೆ ನಿಲ್ಲುತ್ತೀರಿ. ಇದು ಸತ್ತವರ ನೆನಪಿನ ಜಾಗ, ಇದನ್ನು ಮುಟ್ಟಬೇಡಿ ಎಂದು ಅವರ ಜೊತೆ ನೀವೂ ಕೇಳುತ್ತೀರಿ.